ಒಂದು ಊಟವೂ ಮೂರು ಆಕ್ಷೇಪಣೆಗಳೂ

ಕಳೆದ ತಿಂಗಳು ನಮ್ಮ ಸಂಘದ ಸಭೆಯಲ್ಲಿ, ನಾನು ಮಾಡಿ ಬಂದ ಯುರೋಪ್ ಪ್ರವಾಸವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ಪರದೇಶದಿಂದ ಹಿಂದಿರುಗಿದವರು ಗೋಪುರಗಳ ಎತ್ತರವನ್ನೂ ಚಿತ್ರಶಾಲೆಗಳ ವಿಸ್ತಾರವನ್ನೂ ವರ್ಣಿಸುವುದು ನಮ್ಮಲ್ಲಿ ನಡೆದುಬಂದ ವಾಡಿಕೆ. ಅವೆಲ್ಲವೂ ಈಗ ಮನೆಯಲ್ಲಿ ಕುಳಿತವರ ಅಂಗೈಯ ದೂರವಾಣಿಯಲ್ಲಿಯೇ ಕಾಣಸಿಗುವುದರಿಂದ, ಅವನ್ನು ಬದಿಗಿರಿಸಿ, ಪ್ಯಾರಿಸ್ ನಗರದ ಒಂದು ಸಣ್ಣ ಇಸ್ರೇಲೀ ಭೋಜನಶಾಲೆಯಲ್ಲಿ ನಾನು ಮಾಡಿದ ಒಂದು ಊಟದ ವಿಷಯವನ್ನೇ ಹೇಳಿದೆನು. ಹೇಳಿ ಕುಳಿತೆನೋ ಇಲ್ಲವೋ, ಮೂವರು ಎದ್ದು ಮೂರು ಆಕ್ಷೇಪಣೆಗಳನ್ನು ಮಾಡಿದರು. ಮೊದಲನೆಯವರು ವಯೋವೃದ್ಧರು, "ಪರದೇಶಕ್ಕೆ ಹೋದವನು ಹಣ್ಣುಹಂಪಲು ತಿಂದೋ, ಮನೆಯಿಂದ ಒಯ್ದ ಗೊಜ್ಜನ್ನು ಅನ್ನಕ್ಕೆ ಕಲಸಿಕೊಂಡೋ ದಿನ ಕಳೆಯಬೇಕಲ್ಲದೆ, ಕಂಡವರ ಅಡಿಗೆಮನೆಗೆ ನುಗ್ಗುವುದು ಶಿಷ್ಟರಿಗೆ ತಕ್ಕುದಲ್ಲ" ಎಂದರು. ಎರಡನೆಯವನು ಕಾಲೇಜಿನ ತರುಣ. "ಇಸ್ರೇಲೀ ಅಡಿಗೆ ಎಂಬ ಪದಾರ್ಥವೇ ಲೋಕದಲ್ಲಿಲ್ಲ, ಅದೆಲ್ಲ ಅರಬ್ಬರಿಂದ ಅಪಹರಿಸಿದ್ದು, ಅಲ್ಲಿ ಉಂಡವರು ಅಪಹಾರದಲ್ಲಿ ಪಾಲುಗಾರರು" ಎಂದನು. ಮೂರನೆಯವರು ದೇಶಾಭಿಮಾನಿಗಳು, "ಬದನೆ ನಮ್ಮದು, ಮಾವು ನಮ್ಮದು, ಮೆಣಸು ನಮ್ಮದು, ಅವರಿಂದ ನಾವು ತಿಳಿಯತಕ್ಕದ್ದೇನು?" ಎಂದು ನಕ್ಕರು. ವಂದನಾರ್ಪಣೆಯ ಅವಸರದಲ್ಲಿ ಅಧ್ಯಕ್ಷರು ನನಗೆ ಕೊಟ್ಟ ಸಮಯ ಐದು ನಿಮಿಷ. ಉತ್ತರವು ಬಾಕಿ ಉಳಿಯಿತು. ಆ ಸಾಲವನ್ನು ಈ ಪುಟಗಳಲ್ಲಿ ತೀರಿಸುತ್ತೇನೆ.

ಸಭೆಗೆ ಬಾರದಿದ್ದವರಿಗಾಗಿ ಆ ಸ್ಥಳವನ್ನೂ ಊಟವನ್ನೂ ಸಂಕ್ಷೇಪವಾಗಿ ಹೇಳಬೇಕು. ಪ್ಯಾರಿಸಿನಲ್ಲಿ ಮಾರೆ ಎಂಬ ಹಳೆಯ ಪೇಟೆಯುಂಟು. ಅಲ್ಲಿ ಸ್ಯಾಂ ಪೋಲ್ ನಿಲ್ದಾಣದಲ್ಲಿಳಿದು ಸ್ವಲ್ಪ ದೂರ ನಡೆದರೆ ರ‍್ಯೂ ದೇ ರೋಸಿಯೇ ಎಂಬ ಇಕ್ಕಟ್ಟಾದ ಬೀದಿ ಸಿಕ್ಕುತ್ತದೆ. ಗುಲಾಬಿ ಗಿಡಗಳ ಬೀದಿ ಎಂದು ಅದರ ಅರ್ಥ. ಹತ್ತೊಂಬತ್ತನೆಯ ಶತಮಾನದ ಕಡೆಯ ಭಾಗದಲ್ಲಿ ರಷ್ಯ, ಪೋಲೆಂಡುಗಳಿಂದ ಹಿಂಸೆಗೂ ಬಡತನಕ್ಕೂ ಅಂಜಿ ಬಂದ ಯೆಹೂದ್ಯರು ಇಲ್ಲಿ ನೆಲೆಸಿದರು. 1942ನೆಯ ಜುಲೈ 16, 17ನೆಯ ತಾರೀಖುಗಳಲ್ಲಿ, ಜರ್ಮನರ ಇಚ್ಛೆಯಂತೆ, ಪ್ಯಾರಿಸಿನ ಪೊಲೀಸರೇ ಆ ನಗರದಲ್ಲಿಯೂ ಅದರ ಸುತ್ತಿನಲ್ಲಿಯೂ 13,000ಕ್ಕೆ ಮೀರಿದ ಯೆಹೂದ್ಯರನ್ನು ಸೆರೆಹಿಡಿದರು. ಅವರಲ್ಲಿ 4,000ಕ್ಕಿಂತ ಹೆಚ್ಚು ಮಂದಿ ಮಕ್ಕಳು. ಈ ಪೇಟೆಯ ಶಾಲೆಗಳ ಗೋಡೆಗಳ ಮೇಲೆ ಇಂದಿಗೂ ಕಪ್ಪು ಕಲ್ಲಿನ ಫಲಕಗಳು ಆ ಮಕ್ಕಳ ನೆನಪನ್ನು ಹೇಳುತ್ತವೆ. ಸಮೀಪದ ಸ್ಮಾರಕದ ಗೋಡೆಯಲ್ಲಿ ಫ್ರಾನ್ಸಿನಿಂದ ಸಾಗಿಸಲ್ಪಟ್ಟ ಸುಮಾರು 76,000 ಜನರ ಹೆಸರುಗಳನ್ನು ಕೊರೆದಿದ್ದಾರೆ. ಬಳಿಕ ಉತ್ತರ ಆಫ್ರಿಕದ ದೇಶಗಳು ಸ್ವತಂತ್ರವಾದ ಕಾಲದಲ್ಲಿ, ಮುಖ್ಯವಾಗಿ 1962ರಲ್ಲಿ ಅಲ್ಜೀರಿಯವು ಸ್ವತಂತ್ರವಾದಾಗ, ಅಲ್ಲಿನ ಯೆಹೂದ್ಯರು ಫ್ರಾನ್ಸಿಗೆ ಬಂದರು. ಹೀಗೆ ಪೋಲೆಂಡಿನ ರೊಟ್ಟಿಯಂಗಡಿಗಳ ಮಗ್ಗುಲಲ್ಲಿ ಕಡಲೆವಡೆಯ ಅಂಗಡಿಗಳು ಹುಟ್ಟಿಕೊಂಡವು. 1982ನೆಯ ಆಗಸ್ಟ್ 9ರಂದು ಈ ಬೀದಿಯ ಒಂದು ಭೋಜನಶಾಲೆಗೆ ಬಂದೂಕುಧಾರಿಗಳು ನುಗ್ಗಿ, ಮಧ್ಯಾಹ್ನದ ಊಟಕ್ಕೆ ಕುಳಿತಿದ್ದವರನ್ನೂ ದಾರಿಹೋಕರನ್ನೂ ಸೇರಿಸಿ ಆರು ಮಂದಿಯನ್ನು ಕೊಂದರು. ಬೀದಿಯು ನೋಟಕ್ಕೆ ವಿನೋದದ ಬೀದಿ. ಒಳಗೆ ಇಷ್ಟು ಭಾರವನ್ನು ಹೊತ್ತುಕೊಂಡಿರುವುದು.

ನಾನು ಹೋದುದು ಆ ಬೀದಿಯಿಂದ ಒಡೆದ ಒಂದು ಓಣಿಯ ಅಂಗಡಿಗೆ. ಆರು ಮೇಜು, ಒಡತಿಯೇ ಅಡಿಗೆಯವಳು, ಅವಳ ತಮ್ಮನೇ ಬಡಿಸುವವನು. ಬಾಗಿಲಲ್ಲಿ ಹೀಬ್ರೂ ಅಕ್ಷರದ ಒಂದು ಪ್ರಮಾಣಪತ್ರ; ಒಳಗೆ, ಭೋಜನಪತ್ರದ ನೆತ್ತಿಯ ಮೇಲೆ, ಫ್ರೆಂಚಿನಲ್ಲಿ "ಇಸ್ರೇಲೀ ಅಡಿಗೆ" ಎಂಬ ಎರಡೇ ಮಾತು. ನಾನು ಶಾಕಾಹಾರಿ ಎಂದು ಇಂಗ್ಲಿಷಿನಲ್ಲಿ ತಿಳಿಸಿದಾಗ ಅವಳು ನಕ್ಕು, "ಈ ಮನೆಯೊಳಕ್ಕೆ ಮಾಂಸವೇ ಬರುವುದಿಲ್ಲ, ನಿಶ್ಚಿಂತೆಯಿಂದ ಕುಳಿತುಕೊಳ್ಳಿ" ಎಂದಳು. ಕಡಲೆಯನ್ನು ಬೇಯಿಸಿ ನುಣ್ಣಗೆ ಅರೆದು ಎಳ್ಳಿನ ಹಿಟ್ಟನ್ನೂ ನಿಂಬೆಯ ರಸವನ್ನೂ ಕೂಡಿಸಿದ ಹಮ್ಮುಸ್ ಬಂದಿತು. ನೆನೆಸಿದ ಕಡಲೆಯನ್ನು ಹಸಿಯಾಗಿಯೇ ರುಬ್ಬಿ, ಕೊತ್ತಂಬರಿ ಸೊಪ್ಪು ಜೀರಿಗೆಗಳೊಂದಿಗೆ ಕರಿದ ಫಲಾಫಲ್ ಬಂದಿತು. ಕಣ್ಣು ಮುಚ್ಚಿ ತಿಂದರೆ ನಮ್ಮ ಆಂಬೊಡೆಗೆ ದೂರದ ನಂಟನೆನ್ನಬಹುದು. ಕಡೆಗೆ, ಕರಿದ ಬದನೆಕಾಯಿಯನ್ನು ರೊಟ್ಟಿಯ ಚೀಲದೊಳಗೆ ತುಂಬಿದ ಸಬೀಹ್ ಎಂಬುದು ಬಂದಿತು. ಅದರಲ್ಲಿರುವ ಬೇಯಿಸಿದ ಮೊಟ್ಟೆಯನ್ನು ಬಿಟ್ಟುಕೊಡಬಹುದೆ ಎಂದು ಕೇಳಿದ್ದೆನು. "ಮೊಟ್ಟೆಯಿಲ್ಲದೆ ಅದು ಸಬೀಹ್ ಆಗದು, ಆದರೂ ಕೊಡುತ್ತೇನೆ" ಎಂದಳು. ಒಂದು ತುತ್ತು ಬಾಯಿಗಿಟ್ಟೆನು. ಮೆಂತ್ಯ, ಅರಿಸಿನ, ಸಾಸಿವೆ, ಹುಳಿಮಾವು! ಇದೇನೆಂದು ಬೆರಗಾಗಿ ಕೇಳಿದ್ದಕ್ಕೆ ಅವಳು, "ಅಂಬಾ" ಎಂದಳು.

ಆ ಬಳಿಕ ನಾನು ತಟ್ಟೆಯಲ್ಲಿದ್ದ ಒಂದೊಂದನ್ನೂ ತೋರಿಸಿ, ಇದು ಎಲ್ಲಿಂದ ಬಂದಿತೆಂದು ವಿಚಾರಿಸಿದೆನು. ಸಬೀಹ್ ಅವಳ ಅಜ್ಜಿಯದು, ಅಜ್ಜಿ ಬಾಗ್ದಾದಿನವಳು. ಹಸಿಮೆಣಸಿನ ಚಟ್ನಿ ಯೆಮೆನಿನಿಂದ ಬಂದ ನೆರೆಯವರಿಂದ ಕಲಿತದ್ದು. ಹಮ್ಮುಸನ್ನು ಅಕ್ಕೋ ಪಟ್ಟಣದಲ್ಲಿ ಒಬ್ಬ ಅರಬ್ಬ ಅಂಗಡಿಯವನ ಬಳಿ ಎರಡು ಬೇಸಗೆ ಕೆಲಸಮಾಡಿ ಕಲಿತಳಂತೆ. "ಇದನ್ನೆಲ್ಲ ಏಕೆ ಬರೆಯಿಸಿಲ್ಲ?" ಎಂದೆನು. "ಅಷ್ಟು ಬರೆಯಲು ಆ ಕಾಗದದಲ್ಲಿ ಜಾಗವೆಲ್ಲಿದೆ?" ಎಂದು ಅವಳು ಒಳಗೆ ಹೋದಳು. ನನ್ನ ವಾದವೆಲ್ಲವೂ ಅವಳ ಈ ಒಂದು ಪ್ರಶ್ನೆಯನ್ನು ಕುರಿತದ್ದು.

ಮೊದಲು ವೃದ್ಧರ ಆಕ್ಷೇಪಣೆಯನ್ನು ತೆಗೆದುಕೊಳ್ಳೋಣ. ಅದರಲ್ಲಿ ಒಂದಂಶ ನ್ಯಾಯವಾದುದು. ಹುಟ್ಟಿದಂದಿನಿಂದ ಮಾಂಸವನ್ನು ಮುಟ್ಟದವನು, ಸಾರಿನಲ್ಲಿ ಎಲುಬಿನ ರಸ, ಗಿಣ್ಣಿನಲ್ಲಿ ಕರುವಿನ ಹೊಟ್ಟೆಯ ಹುಳಿ ಇರುವ ದೇಶದಲ್ಲಿ ಅಂಜುವುದು ಸಹಜ. ಆದರೆ ಅಂಜಿಕೆಗೆ ಮದ್ದು ವಿಚಾರವೇ ಹೊರತು ಉಪವಾಸವಲ್ಲ. ಬಾಗಿಲಲ್ಲಿದ್ದ ಆ ಪ್ರಮಾಣಪತ್ರವು ಯೆಹೂದ್ಯರ ಆಹಾರಶಾಸ್ತ್ರವಾದ ಕಶ್ರುತ್ ಎಂಬುದಕ್ಕೆ ಸೇರಿದ್ದು. ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಕೂಡದೆಂಬ ವಿಧಿಯು ಅವರ ಧರ್ಮಗ್ರಂಥದಲ್ಲಿ ಮೂರು ಕಡೆ ಬರುತ್ತದೆ. ಅದರಿಂದ ಅವರ ಪಂಡಿತರು ಹಾಲೂ ಮಾಂಸವೂ ಒಂದು ಪಾತ್ರೆಯಲ್ಲಿ, ಒಂದು ಊಟದಲ್ಲಿ ಕೂಡಬಾರದೆಂಬ ನಿಯಮಗಳನ್ನು ಬೆಳೆಸಿದರು. ಪಾತ್ರೆಗಳು ಬೇರೆ, ಚಮಚಗಳು ಬೇರೆ, ತೊಳೆಯುವ ತೊಟ್ಟಿಗಳೂ ಬೇರೆ. ಆದುದರಿಂದ ಹಾಲಿನ ಪದಾರ್ಥಗಳನ್ನು ಮಾರುವ ಶಾಸ್ತ್ರೋಕ್ತ ಭೋಜನಶಾಲೆಗೆ ಮಾಂಸದ ಪ್ರವೇಶವೇ ಇಲ್ಲ. ಸೊಪ್ಪಿನ ಎಲೆಗಳಲ್ಲಿ ಹುಳು ಇರಬಾರದೆಂದು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುವ ವಿಧಿಯೂ ಉಂಟು. ಮೀನನ್ನೂ ಮೊಟ್ಟೆಯನ್ನೂ ಅವರು ಮಾಂಸವೆಂದು ಗಣಿಸುವುದಿಲ್ಲವಾದುದರಿಂದ ಆ ಎರಡನ್ನು ಮಾತ್ರ ನಮ್ಮವರು ಕೇಳಿ ತಿಳಿಯಬೇಕು. ಇಷ್ಟು ವಿಚಾರಿಸಿದವನು ಆ ಆರು ಮೇಜಿನ ಅಂಗಡಿಯಲ್ಲಿ ನಮ್ಮ ಊರಿನ ಎಷ್ಟೋ ಹೋಟೆಲುಗಳಲ್ಲಿಗಿಂತ ನಿಶ್ಚಿಂತನಾಗಿ ಉಣ್ಣಬಹುದು.

ಆದರೆ ವೃದ್ಧರ ಮಾತಿನ ತಿರುಳು ಪದಾರ್ಥದ ಶುದ್ಧಿಯಲ್ಲ, "ಕಂಡವರು" ಎಂಬ ಪದದಲ್ಲಿದೆ. ಅಡಿಗೆ ಏನೆಂಬುದಲ್ಲ, ಅಡಿಗೆಯವರು ಯಾರೆಂಬುದು ಅವರ ಚಿಂತೆ. ಒಂದು ಕಾಲದಲ್ಲಿ ನಮ್ಮ ಹೋಟೆಲುಗಳಲ್ಲಿಯೂ ಜಾತಿಗೊಂದು ಕೋಣೆ, ಜಾತಿಗೊಂದು ಲೋಟವಿದ್ದಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯು ಸಾರ್ವಜನಿಕ ಭೋಜನಶಾಲೆಗಳಲ್ಲಿ ಅಂತಹ ಭೇದವನ್ನು ನಿಷೇಧಿಸಿತು. ಇಲ್ಲಿ ಕಾನೂನಿಗೆ ಅಂಜಿ ಬಿಟ್ಟುದನ್ನು ಕಡಲಾಚೆ ಹೋಗಿ ಗೊಜ್ಜಿನ ಡಬ್ಬಿಯ ರೂಪದಲ್ಲಿ ಮತ್ತೆ ಹಿಡಿದುಕೊಳ್ಳುವುದು ಆಚಾರವಲ್ಲ, ಹಳೆಯ ಗರ್ವದ ಉಳಿಕೆ. ಡಬ್ಬಿಯನ್ನು ಒಯ್ಯಬೇಡಿರೆಂದು ನಾನು ಹೇಳುವುದಿಲ್ಲ, ನಾನೂ ಒಯ್ದಿದ್ದೆನು. ಡಬ್ಬಿಯನ್ನು ಗೋಡೆ ಮಾಡಿಕೊಂಡು ಅದರ ಹಿಂದೆ ಕುಳಿತು ಹದಿನೈದು ದಿನ ಕಳೆದು ಬಂದವನು ದೇಶ ನೋಡಿದೆನೆಂದು ಹೇಳಿಕೊಳ್ಳಬಾರದೆಂಬುದೇ ನನ್ನ ಮಾತು. ಇನ್ನೊಂದು ವಿಷಯ. ಸೈನ್ಯದ ಕಡ್ಡಾಯ ಸೇವೆಯನ್ನು ಮುಗಿಸಿದ ಇಸ್ರೇಲಿನ ತರುಣರು ತಂಡತಂಡವಾಗಿ ನಮ್ಮ ಗೋಕರ್ಣಕ್ಕೆ ಬರುವುದು ಬಹಳ ವರ್ಷಗಳಿಂದ ನಡೆದಿದೆ. ಓಂ, ಕುಡ್ಲೆ ಕಡಲತೀರಗಳ ಭೋಜನಶಾಲೆಗಳಲ್ಲಿ ನಮ್ಮವರೇ ಹಮ್ಮುಸ್ ಅರೆಯುತ್ತಾರೆ. ಹಂಪೆಯ ಹೊಳೆಯಾಚೆ ವಿರೂಪಾಪುರ ಗಡ್ಡೆಯಲ್ಲಿಯೂ ಅಂತಹ ಅಂಗಡಿಗಳಿದ್ದವು. 2020ರಲ್ಲಿ ಅಲ್ಲಿನ ಕಟ್ಟಡಗಳನ್ನು ತೆರವು ಮಾಡಿದರು. ನಮ್ಮ ಕೈಯ ಅಡಿಗೆಯನ್ನು ಅವರು ಉಂಡು ಹಣ ಕೊಟ್ಟರೆ ಅದು ವ್ಯಾಪಾರ, ಅವರ ಕೈಯದನ್ನು ನಾವು ಉಂಡರೆ ಅದು ಅನಾಚಾರ ಎಂಬ ನ್ಯಾಯವು ಯಾವ ಸ್ಮೃತಿಯಲ್ಲಿದೆ?

ಎರಡನೆಯ ಆಕ್ಷೇಪಣೆಯೇ ಬಲವಾದುದು. ತರುಣನ ಮಾತಿನಲ್ಲಿ ಕಾವು ಹೆಚ್ಚಾದರೂ ಕಾಳೂ ಉಂಟು. ಹಮ್ಮುಸ್ ಎಂಬುದು ಅರಬ್ಬೀ ಪದ. ಕಡಲೆ ಎಂದೇ ಅದರ ಅರ್ಥ. ಹದಿಮೂರನೆಯ ಶತಮಾನದ ಅರಬ್ಬೀ ಪಾಕಗ್ರಂಥಗಳಲ್ಲಿ ಕಡಲೆಯನ್ನು ಅರೆದು ಮಾಡುವ ಇಂತಹ ಪದಾರ್ಥಗಳ ವಿಧಾನಗಳಿವೆ. ಫಲಾಫಲನ್ನು ಈಜಿಪ್ಟಿನವರು ದೊಡ್ಡ ಅವರೆಯಂತಹ ಬೇರೊಂದು ಕಾಳಿನಿಂದ ಮಾಡಿ ತಾಮಿಯಾ ಎಂದು ಕರೆಯುವರು. ಪ್ಯಾಲೆಸ್ಟೈನ್, ಲೆಬನಾನ್, ಸಿರಿಯ ದೇಶಗಳ ರೈತರ ಮನೆಗಳಲ್ಲಿ ಇವು ದಿನನಿತ್ಯದ ಆಹಾರ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಯುರೋಪಿನಿಂದ ಅಲ್ಲಿಗೆ ಬಂದು ನೆಲೆಸಿದ ಯೆಹೂದ್ಯರಿಗೆ ಇವನ್ನು ತೋರಿಸಿಕೊಟ್ಟವರು ಅರಬ್ಬರೇ. ಸೌತೆ, ಟೊಮೇಟೊಗಳನ್ನು ಸಣ್ಣಗೆ ಹೆಚ್ಚಿದ ಕೋಸಂಬರಿಯು ಪರದೇಶಗಳಲ್ಲಿ "ಇಸ್ರೇಲೀ ಸಾಲಡ್" ಎಂದು ಮಾರಾಟವಾಗುವುದು. ಇಸ್ರೇಲಿನೊಳಗೆ ಎಷ್ಟೋ ಮಂದಿ ಅದನ್ನು ಹೀಬ್ರೂವಿನಲ್ಲಿ "ಅರಬ್ಬ ಸಾಲಡ್" ಎಂದೇ ಕರೆಯುವರು. ಮನೆಯೊಳಗೆ ಒಪ್ಪಿಕೊಂಡ ಸತ್ಯವನ್ನು ಬೀದಿಯ ಹಲಗೆಯ ಮೇಲೆ ಮರೆಯುವುದು ದೋಷವೇ ಸರಿ. 1948ರ ಯುದ್ಧದ ಕಾಲದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ಟೈನಿನ ಅರಬ್ಬರು ಮನೆಮಠಗಳನ್ನು ಕಳೆದುಕೊಂಡರು. ಹೊಲ ಹೋಯಿತು, ಊರು ಹೋಯಿತು, ಎಷ್ಟೋ ಊರುಗಳ ಹೆಸರೂ ನಕ್ಷೆಯಿಂದ ಹೋಯಿತು. ಕಡೆಗೆ ತಮ್ಮ ತಾಯಿ ಅರೆಯುತ್ತಿದ್ದ ಕಡಲೆಗೂ ಬೇರೊಬ್ಬರ ಹೆಸರು ಬಿದ್ದರೆ ಅವರಿಗೆ ಹೇಗಾದೀತು? ಇದು ನಾಲಗೆಯ ಜಗಳವಲ್ಲ. ಎಲ್ಲವನ್ನೂ ಕಳೆದುಕೊಂಡವನಿಗೆ ಉಳಿಯುವ ಆಸ್ತಿ ಅಡಿಗೆಯೊಂದೇ; ಅದಕ್ಕೆ ಅವನ ಹೆಸರಿಡದಿರುವುದು ಅನ್ಯಾಯ.

ಇಷ್ಟನ್ನು ಒಪ್ಪಿ, ಇನ್ನು ನನ್ನ ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. "ಎಲ್ಲವೂ ಅಪಹರಿಸಿದ್ದು" ಎಂಬ ಮಾತು ಬಾಗ್ದಾದಿನ ಆ ಅಜ್ಜಿಯ ವಿಷಯದಲ್ಲಿ ಸುಳ್ಳಾಗುತ್ತದೆ. ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಬಾಬಿಲೋನಿಗೆ ಸೆರೆಹೋದಂದಿನಿಂದ ಯೆಹೂದ್ಯರು ಆ ನಾಡಿನಲ್ಲಿದ್ದರು. ಅಲ್ಲಿನ ಬದನೆಯೂ ಅಕ್ಕಿಯೂ ಅವರು ಯಾರಿಂದಲೂ ಕದ್ದುದಲ್ಲ. ಅದು ಅವರ ತಾಯ್ನೆಲದ ಅಡಿಗೆ. 1950-51ರಲ್ಲಿ ಸುಮಾರು 1,20,000 ಯೆಹೂದ್ಯರು ಇರಾಕನ್ನು ಬಿಟ್ಟು ವಿಮಾನಗಳಲ್ಲಿ ಇಸ್ರೇಲಿಗೆ ಬಂದರು. ಆಸ್ತಿಯನ್ನು ಅಲ್ಲಿಯೇ ಬಿಟ್ಟು ಬರಿಗೈಯಲ್ಲಿ ಬಂದವರೇ ಹೆಚ್ಚು. 1949-50ರಲ್ಲಿ ಯೆಮೆನಿನಿಂದ ಬಂದವರು 50,000ದ ಹತ್ತಿರ. ಆಗ ಇಸ್ರೇಲಿನಲ್ಲಿ ಪಡಿತರದ ಕಾಲ. 1949ರಿಂದ ಹತ್ತು ವರ್ಷ ಆಹಾರವನ್ನು ಅಳೆದು ಕೊಡುತ್ತಿದ್ದರು. ಅಕ್ಕಿ ಸಿಕ್ಕದೆ, ಗೋಧಿಹಿಟ್ಟಿನಿಂದ ಅಕ್ಕಿಯಾಕಾರದ ಕಾಳುಗಳನ್ನು ಮಾಡಿಸಿ, ಜನರು ಅದಕ್ಕೆ ಪ್ರಧಾನಮಂತ್ರಿಯ ಹೆಸರನ್ನೇ ಕಟ್ಟಿ "ಬೆನ್ ಗುರಿಯನ್ ಅಕ್ಕಿ" ಎಂದು ಕರೆದರು. ಬಂದವರು ಗುಡಾರಗಳಲ್ಲಿಯೂ ತಗಡಿನ ಮನೆಗಳಲ್ಲಿಯೂ ವಾಸಮಾಡಿದರು. ಯುರೋಪಿನಿಂದ ಬಂದು ಮೊದಲೇ ನೆಲೆಯೂರಿದ್ದವರು ಇವರ ಭಾಷೆಯನ್ನೂ ಸಂಗೀತವನ್ನೂ ಊಟವನ್ನೂ ಕೀಳೆಂದು ಭಾವಿಸಿದ ಕಾಲವೂ ಇದ್ದಿತು.

ಸಬೀಹಿನ ಕಥೆಯನ್ನೇ ನೋಡಿರಿ. ಶನಿವಾರವು ಯೆಹೂದ್ಯರಿಗೆ ಸಬ್ಬತ್. ಅಂದು ಬೆಂಕಿ ಹೊತ್ತಿಸುವಂತಿಲ್ಲ, ಅಡಿಗೆ ಮಾಡುವಂತಿಲ್ಲ. ಆದುದರಿಂದ ಇರಾಕಿನ ಯೆಹೂದ್ಯ ಗೃಹಿಣಿಯರು ಶುಕ್ರವಾರವೇ ಬದನೆಯನ್ನು ಕರಿದು, ಮೊಟ್ಟೆಯನ್ನು ಇರುಳೆಲ್ಲ ಕಾವಿನಲ್ಲಿರಿಸಿ, ಶನಿವಾರದ ಬೆಳಿಗ್ಗೆ ತಣ್ಣಗೆ ಬಡಿಸುತ್ತಿದ್ದರು. ಇದನ್ನು ರೊಟ್ಟಿಯೊಳಗಿಟ್ಟು ಮಾರುವ ವ್ಯಾಪಾರವು 1960ರ ದಶಕದಲ್ಲಿ, ಇರಾಕಿನವರು ಹೆಚ್ಚಾಗಿ ನೆಲೆಸಿದ್ದ ರಾಮತ್ ಗಾನ್ ಎಂಬ ಊರಿನಲ್ಲಿ ಬೆಳೆಯಿತು. ಈ ತಿಂಡಿಯನ್ನು ಯಾರದೆಂದು ಹೇಳಬೇಕು? ಬದನೆಯ ಪಾಕ ಇರಾಕಿನದು, ಶನಿವಾರದ ಕಟ್ಟಳೆ ಯೆಹೂದ್ಯರದು, ರೊಟ್ಟಿಯೊಳಗಿಟ್ಟು ಮಾರಿದ ಜಾಣ್ಮೆ ರಾಮತ್ ಗಾನಿನದು. ಯೆಮೆನಿನವರ ಜಹ್ನೂನ್ ಎಂಬ, ಶುಕ್ರವಾರ ಒಲೆಯೊಳಗಿಟ್ಟು ಶನಿವಾರ ತೆಗೆಯುವ ಸುರುಳಿರೊಟ್ಟಿಯೂ ಇದೇ ಕಟ್ಟಳೆಯ ಫಲ. ಟ್ಯುನೀಸಿಯ, ಲಿಬಿಯಗಳ ಟೊಮೇಟೊ ಗೊಜ್ಜಿನಲ್ಲಿ ಮೊಟ್ಟೆಯನ್ನೊಡೆದು ಬೇಯಿಸುವ ಶಕ್ಶೂಕವು ಅಲ್ಲಿನ ಯೆಹೂದ್ಯರೊಡನೆ ಬಂದಿತು. ಹೀಗಿರಲು, "ಇಸ್ರೇಲೀ ಅಡಿಗೆ" ಎಂಬ ಎರಡು ಮಾತು ಮಾಡುವ ಅನ್ಯಾಯವು ಒಂದಲ್ಲ, ಎರಡು. ಹಮ್ಮುಸನ್ನು ಕಲಿಸಿದ ಅಕ್ಕೋ ಪಟ್ಟಣದ ಅರಬ್ಬನನ್ನು ಅದು ಮುಚ್ಚುತ್ತದೆ; ಬಾಗ್ದಾದನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದ ಯೆಹೂದ್ಯ ಅಜ್ಜಿಯನ್ನೂ ಮುಚ್ಚುತ್ತದೆ. ತರುಣನು ಮೊದಲನೆಯದನ್ನು ಕಂಡನು, ಎರಡನೆಯದನ್ನು ಕಾಣಲಿಲ್ಲ. ಅಷ್ಟೇ ಅಲ್ಲದೆ "ಎಲ್ಲವೂ ಕಳವು" ಎಂದು ಕೂಗಿ, ಆ ಅಜ್ಜಿಯ ಹೆಸರನ್ನು ತಾನೇ ಎರಡನೆಯ ಬಾರಿ ಅಳಿಸಿದನು.

ಹೆಸರಿನ ಜಗಳವನ್ನು ಒಡೆತನದ ಜಗಳವನ್ನಾಗಿ ಮಾಡಿದರೆ ಅದು ಹೇಗೆ ನಗೆಪಾಟಲಾಗುವುದೆಂಬುದಕ್ಕೆ ಒಂದು ನಿದರ್ಶನ ಸಾಕು. ಹಮ್ಮುಸ್ ಎಂಬ ಹೆಸರು ತಮ್ಮದೆಂದು ಕಾನೂನಿನ ರಕ್ಷಣೆ ಪಡೆಯಬೇಕೆಂದು 2008ರಲ್ಲಿ ಲೆಬನಾನಿನ ಕೈಗಾರಿಕೋದ್ಯಮಿಗಳು ಚಳವಳಿ ಹೂಡಿದರು. 2010ರ ಜನವರಿಯಲ್ಲಿ ಜೆರೂಸಲೆಮಿನ ಹತ್ತಿರದ ಅಬು ಘೋಷ್ ಎಂಬ ಹಳ್ಳಿಯಲ್ಲಿ 4,000 ಕಿಲೋ ಮೀರಿದ ಹಮ್ಮುಸನ್ನು ಮಾಡಿ ಇಸ್ರೇಲಿಗೆ ಲೋಕದಾಖಲೆಯನ್ನು ತಂದರು. ಅದೇ ಮೇ ತಿಂಗಳಲ್ಲಿ ಲೆಬನಾನಿನವರು 10,452 ಕಿಲೋ ಮಾಡಿ ಅದನ್ನು ಮುರಿದರು. ತಮ್ಮ ದೇಶದ ವಿಸ್ತೀರ್ಣವು 10,452 ಚದರ ಕಿಲೋಮೀಟರ್ ಎಂಬುದೇ ಆ ಸಂಖ್ಯೆಯ ಗುಟ್ಟು. ಇದರಲ್ಲಿ ಸೋಜಿಗವೇನೆಂದರೆ, ಇಸ್ರೇಲಿನ ಕೀರ್ತಿಗಾಗಿ ಕಡಲೆ ತಿರುವಿದ ಅಬು ಘೋಷ್ ಅರಬ್ಬರ ಹಳ್ಳಿ. ಇಸ್ರೇಲಿನ ಪ್ರಜೆಗಳಲ್ಲಿ ಐದರಲ್ಲೊಂದು ಪಾಲು ಅರಬ್ಬರೇ. ಎರಡು ಕಡೆಯ ಕಡಾಯಿಗಳನ್ನೂ ತಿರುವಿದ ಕೈಗಳು ಒಂದೇ ಭಾಷೆಯವು. ಯಾರು ಗೆದ್ದರು, ಯಾರು ಸೋತರು?

ಇನ್ನು, ಅಲ್ಲಿ ಉಂಡವನು ಪಾಲುಗಾರನೆಂಬ ಮಾತು. 2023ನೆಯ ಅಕ್ಟೋಬರ್ 7ರಂದು ಹಮಾಸಿನವರು ಇಸ್ರೇಲಿನೊಳಕ್ಕೆ ನುಗ್ಗಿ ಸುಮಾರು 1,200 ಜನರನ್ನು ಕೊಂದುದೂ, ಆ ಬಳಿಕದ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನರು ಸತ್ತುದೂ ಎಲ್ಲರೂ ಬಲ್ಲ ವಿಷಯ. 2025ರ ಆಗಸ್ಟಿನಲ್ಲಿ ಗಾಜಾ ನಗರದ ಪ್ರಾಂತದಲ್ಲಿ ಕ್ಷಾಮವಿರುವುದಾಗಿ ವಿಶ್ವಸಂಸ್ಥೆಯ ಬೆಂಬಲವುಳ್ಳ ಆಹಾರತಜ್ಞರ ಮಂಡಲಿಯು ಸಾರಿತು. ಕಡಲೆಯ ತವರಿನಲ್ಲಿ ಮಕ್ಕಳು ಹಸಿದಿರುವಾಗ ಪ್ಯಾರಿಸಿನಲ್ಲಿ ಕಡಲೆಯ ಸವಿಯನ್ನು ಹೊಗಳುವವನ ತುತ್ತು ಗಂಟಲಲ್ಲಿ ನಿಲ್ಲಬೇಕು, ನನಗೆ ನಿಂತಿತು. ಇದನ್ನು ಮುಚ್ಚಿಡುವುದಿಲ್ಲ. ಆದುದರಿಂದ ಅಂತಹ ಅಂಗಡಿಗೆ ಹೋಗೆನೆನ್ನುವವನ ಮನಸ್ಸನ್ನು ನಾನು ಗೌರವಿಸುತ್ತೇನೆ. ಎಲ್ಲಿ ಉಣ್ಣಬೇಕೆಂಬುದು ಅವನ ಹಕ್ಕು. ಆದರೆ ಅಡಿಗೆಯವಳೂ ಸರಕಾರವೂ ಒಂದೇ ಎನ್ನುವವನು ಆ ಬೀದಿಯಲ್ಲಿ 1982ರಲ್ಲಿ ನಡೆದುದನ್ನು ನೆನೆಯಬೇಕು. ಹಲಗೆಯನ್ನು ನೋಡಿ ಒಳಗಿದ್ದವರ ಮೇಲೆ ತೀರ್ಪು ಕೊಟ್ಟವರು ಮಾಡಿದ್ದು ಅದನ್ನೇ. ಉಣ್ಣದಿರುವುದಕ್ಕೂ ಕೊಲ್ಲುವುದಕ್ಕೂ ಆಕಾಶ ಪಾತಾಳಗಳ ಅಂತರವಿದೆ, ನಿಜ. ಆದರೆ ಒಬ್ಬ ಮನುಷ್ಯನನ್ನು ಅವನ ದೇಶದ ಹೆಸರಿನೊಳಗೆ ಕರಗಿಸಿಬಿಡುವ ತರ್ಕವು ಎಲ್ಲಿ ನಿಲ್ಲುವುದೆಂದು ಯಾರೂ ಹೊಣೆ ಹೊರಲಾರರು.

ಮೂರನೆಯ ಆಕ್ಷೇಪಣೆಗೆ ಬಹಳ ಕಾಗದ ಬೇಕಿಲ್ಲ. ಅಂಬಾ ಎಂಬುದು ನಮ್ಮ ದೇಶದ ಮಾತೆಂಬುದು ನಿರ್ವಿವಾದ. ಸಂಸ್ಕೃತದ ಆಮ್ರ, ಮರಾಠಿಯ ಆಂಬಾ ಅದರ ಬಂಧುಗಳು. ಡೇವಿಡ್ ಸಸೂನ್ ಎಂಬ ಬಾಗ್ದಾದಿನ ಯೆಹೂದ್ಯ ವರ್ತಕನು 1830ರ ದಶಕದಲ್ಲಿ ಮುಂಬಯಿಗೆ ಬಂದು ನೆಲೆಸಿದುದನ್ನೂ, ಅವನ ಮನೆತನದ ಹೆಸರಿನಲ್ಲಿ ಅಲ್ಲಿ ಗ್ರಂಥಾಲಯವೂ ಹಡಗುಕಟ್ಟೆಯೂ ಇರುವುದನ್ನೂ ಮುಂಬಯಿಯನ್ನು ನೋಡಿದವರು ಬಲ್ಲರು. ಅಂತಹ ವರ್ತಕರ ಮುಂಬಯಿ, ಬಸ್ರಾ, ಬಾಗ್ದಾದುಗಳ ಸಂಚಾರದ ಹಾದಿಯಲ್ಲಿಯೇ ನಮ್ಮ ಮಾವಿನ ಉಪ್ಪಿನಕಾಯಿಯ ಹೆಸರೂ ಸಂಚರಿಸಿತು. ಸಂಸ್ಕೃತದ ವಾತಿಂಗಣವು ಪಾರಸಿಯ ಬಾದಿಂಗಾನವಾಗಿ, ಅರಬ್ಬೀಯ ಬಾದಿಂಜಾನವಾಗಿ, ಫ್ರೆಂಚರ ಬಾಯಲ್ಲಿ ಓಬೆರ್ಜೀನ್ ಆಯಿತು. ನಮ್ಮ ಪಿಪ್ಪಲಿಯೇ ಅರಬ್ಬರ ಫಿಲ್ಫಿಲ್. ಇವೆಲ್ಲ ಸತ್ಯವೇ. ಆದರೆ ಇರಾಕಿನ ಮುಸಲ್ಮಾನರೂ ಅಂಬಾವನ್ನು ತಮ್ಮದೆಂದೇ ಉಣ್ಣುತ್ತಾರೆ. ಎಣ್ಣೆಯ ಒಗ್ಗರಣೆಯ ನಮ್ಮ ಉಪ್ಪಿನಕಾಯಿಗೂ ಹಳದಿಯ ಸಾರಿನಂತಿರುವ ಅವರ ಅಂಬಾಕ್ಕೂ ಈಗ ಮುಖವೇ ಬೇರೆ. ಬೀಜ ಕೊಟ್ಟವನು ಬೆಳೆದವನ ಹೊಲಕ್ಕೆಲ್ಲ ಒಡೆಯನಾಗುವನೆ? ಹಾಗಾದರೆ ನಮ್ಮ ಮೆಣಸಿನಕಾಯಿ, ಟೊಮೇಟೊ, ಆಲೂಗೆಡ್ಡೆ, ಕಡಲೆಕಾಯಿಗಳೆಲ್ಲ ಅಮೆರಿಕದಿಂದ ಪೋರ್ಚುಗೀಸರ ಕಾಲದಲ್ಲಿಯೂ ಅನಂತರವೂ ಬಂದವು, ಅಮೆರಿಕದ ಆದಿವಾಸಿಯೊಬ್ಬನು ನಮ್ಮ ಪಂಕ್ತಿಗೆ ಬಂದು "ಈ ಸಾರೆಲ್ಲ ನನ್ನದು, ನೀವು ಮಾಡಿದ್ದೇನು?" ಎಂದರೆ ನಮ್ಮ ದೇಶಾಭಿಮಾನಿಗಳು ಏನು ಹೇಳುವರು?

ವಿಪರ್ಯಾಸವೇನೆಂದರೆ, ಹೆಸರು ಅಳಿಸಿಹೋಗುವ ನೋವು ನಮಗೆ ಹೊಸದಲ್ಲ. ಉತ್ತರ ಹಿಂದುಸ್ಥಾನದಲ್ಲಿ ಬಹುಕಾಲ ನಮ್ಮ ದೋಸೆ ಇಡ್ಲಿಗಳನ್ನು "ಮದರಾಸಿ ಊಟ" ಎಂದು ಕರೆದಾಗ, ಉಡುಪಿಯವರೂ ಮೈಸೂರಿನವರೂ ಎಷ್ಟು ನೊಂದುಕೊಳ್ಳಲಿಲ್ಲ! ಇಂಗ್ಲೆಂಡಿನಲ್ಲಿ "ಇಂಡಿಯನ್" ಎಂಬ ಹಲಗೆಯ ಭೋಜನಶಾಲೆಗಳಲ್ಲಿ ಬಹುಭಾಗವನ್ನು ಕಟ್ಟಿ ಬೆಳೆಸಿದವರು ಈಗಿನ ಬಾಂಗ್ಲಾದೇಶದ ಸಿಲ್ಹೆಟ್ ಜಿಲ್ಲೆಯವರು. ಅವರ ಅಡಿಗೆಯ ಕೀರ್ತಿಯೆಲ್ಲ ನಮ್ಮ ಹೆಸರಿಗೆ ಜಮೆಯಾಗುವುದನ್ನು ನಾವು ಎಂದಾದರೂ ಬೇಡವೆಂದೆವೆ? ಅಲ್ಲಿ ಲಾಭ ನಮ್ಮದು, ಆದುದರಿಂದ ಮೌನ. ಇಲ್ಲಿ ನಷ್ಟ ನಮ್ಮದು, ಆದುದರಿಂದ ಗದ್ದಲ. ಕೊಂಕಣದ ಬೆನೆ ಇಸ್ರೇಲಿ ಯೆಹೂದ್ಯರನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? ಅವರು ಗಾಣದ ಕಸುಬಿನವರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ನೆರೆಯವರು ಅವರನ್ನು ಶನಿವಾರದ ತೇಲಿಗಳೆಂದು ಕರೆಯುತ್ತಿದ್ದರು. ಅವಲಕ್ಕಿಗೆ ತೆಂಗಿನ ತುರಿ, ಸಿಹಿ, ಏಲಕ್ಕಿ, ಹಣ್ಣು ಕೂಡಿಸಿ ಮಲಿದಾ ಎಂಬುದನ್ನು ಅವರು ದೇವರಿಗೆ ಅರ್ಪಿಸುವರು. ಅವರಲ್ಲಿ ಹೆಚ್ಚಿನವರು ಈಗ ಇಸ್ರೇಲಿನಲ್ಲಿದ್ದಾರೆ. ಪ್ಯಾರಿಸಿನ ಆ ಭೋಜನಪತ್ರದಲ್ಲಿ ಮಲಿದಾ ಇರಲಿಲ್ಲ. "ಎಲ್ಲವೂ ನಮ್ಮದು" ಎಂದ ದೇಶಾಭಿಮಾನಿಗಳು ನಿಜವಾಗಿ ನಮ್ಮದಾದ ಈ ಒಂದನ್ನು ಕೇಳಲಿಲ್ಲ. ಕೇಳಿದ್ದರೆ ನಾನು ತಲೆಬಾಗುತ್ತಿದ್ದೆನು, ಏಕೆಂದರೆ ಅದನ್ನು ಅಲ್ಲಿ ಕೇಳುವುದಕ್ಕೆ ನನಗೂ ತೋಚಲಿಲ್ಲ.

ಹಾಗಾದರೆ ನನ್ನ ಸಿದ್ಧಾಂತವೇನು? ಅಡಿಗೆಗೆ ಒಡೆಯನಿಲ್ಲ, ಆದರೆ ಗುರುವುಂಟು. ಯಾರು ಬೇಕಾದರೂ ಮಾಡಲಿ, ಯಾರು ಬೇಕಾದರೂ ಮಾರಲಿ, ಯಾರು ಬೇಕಾದರೂ ಉಣ್ಣಲಿ; ಕಲಿಸಿದವರ ಹೆಸರನ್ನು ಮಾತ್ರ ಹೇಳಲಿ. ನಮ್ಮ ಸಂಗೀತಗಾರರು ಹಾಡುವ ಮೊದಲು ಗುರುವನ್ನು ನೆನೆಯುವರು. ಅದರಿಂದ ಅವರ ಹಾಡು ಕಡಿಮೆಯಾಗುವುದೆ? ಉಣ್ಣುವವನ ಮೇಲೂ ಒಂದು ಕರ್ತವ್ಯವಿದೆ. ತಟ್ಟೆ ಮುಂದೆ ಬಂದಾಗ ಇದು ಯಾರದು, ಎಲ್ಲಿಂದ ಬಂದಿತು ಎಂದು ಒಂದು ಮಾತು ಕೇಳುವುದು. ಕೇಳದೆ ತಿಂದವನು ಹೊಟ್ಟೆ ತುಂಬಿಸಿಕೊಂಡನು, ಅಷ್ಟೆ. ಕೇಳದೆ ಬಿಟ್ಟವನಿಗೆ ಅದೂ ಇಲ್ಲ. ನಮ್ಮ ಪ್ರವಾಸ ಲೇಖಕರು ನೂರು ಪುಟ ಬರೆದು ಊಟದ ವಿಷಯಕ್ಕೆ "ರುಚಿಸಲಿಲ್ಲ" ಎಂಬ ಒಂದೇ ಮಾತನ್ನು ಮೀಸಲಿಡುವುದನ್ನು ಇನ್ನಾದರೂ ಬಿಡಬೇಕು. ಅರಮನೆಗಳನ್ನು ಕಟ್ಟಿಸಿದ ಅರಸರ ಹೆಸರು ಕಲ್ಲಿನಲ್ಲಿದೆ. ಅದನ್ನು ಮತ್ತೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಬಾಗ್ದಾದಿನ ಅಜ್ಜಿಯ ಹೆಸರೂ ಅಕ್ಕೋ ಪಟ್ಟಣದ ಅಂಗಡಿಯವನ ಹೆಸರೂ ಎಲ್ಲಿಯೂ ಇಲ್ಲ.

ಆ ಒಡತಿಯ ಪ್ರಶ್ನೆಗೆ ಅಂದು ನನಗೆ ಉತ್ತರ ತೋಚಲಿಲ್ಲ. ಊರಿಗೆ ಬಂದ ಮೇಲೆ ಆ ಭೋಜನಪತ್ರವನ್ನು ಮತ್ತೆ ತೆಗೆದು ನೋಡಿದೆನು; ಅವಳೇ ನನಗೆ ಒಂದನ್ನು ಕೊಟ್ಟಿದ್ದಳು. ಹನ್ನೆರಡು ಪದಾರ್ಥಗಳ ಹೆಸರು, ಬೆಲೆ, ಸುತ್ತ ಹಸಿರು ಬಳ್ಳಿಯ ಚಿತ್ರದ ಅಂಚು. ಆ ಬಳ್ಳಿಯನ್ನು ತೆಗೆದರೆ ಒಂದೊಂದು ಹೆಸರಿನ ಮುಂದೆಯೂ ಒಂದು ಊರಿನ ಹೆಸರನ್ನು ಧಾರಾಳವಾಗಿ ಬರೆಯಬಹುದು. ಇದನ್ನೇ ಅವಳಿಗೆ ಒಂದು ಕಾಗದದಲ್ಲಿ ಬರೆದು ಕಳುಹಿಸಿದ್ದೇನೆ. ಮೂವರು ಆಕ್ಷೇಪಕರೂ ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯಬೇಕೆಂದು ಪ್ರಾರ್ಥಿಸುತ್ತೇನೆ. ವೃದ್ಧರು ಮಾತ್ರ ಅದಕ್ಕೆ ಮೊದಲು ಒಮ್ಮೆ ನಮ್ಮ ಮನೆಗೆ ದಯಮಾಡಿಸಬೇಕು, ಕಡಲೆಯನ್ನು ನೆನೆಸಿಟ್ಟಿರುತ್ತೇನೆ.